ಬಾವನ ಬಾಯಿ ಹಸಿರಾದದ್ದು

ಬಣ್ಣ ಬದಲಿಸಲು ಊಸರವಳ್ಳಿಗಾದರೂ ಸ್ವಲ್ಪ ಹೊತ್ತು ಬೇಕು; ನನಗೆ ಬೇಡ. ಸುಳ್ಯದಲ್ಲಿ ಮದುವೆ ಆಲ್ಬಮ್ ಮಾಡಿಕೊಡುವ ಕಸುಬು ನನ್ನದು. ಕಂಪ್ಯೂಟರಿನಲ್ಲಿ ಒಂದು ಬಣ್ಣವನ್ನು ತೋರಿಸಿ, ಅದರ ಆಸುಪಾಸಿನ ಛಾಯೆಗಳನ್ನೆಲ್ಲ ಸೇರಿಸಿ, 'ಇವೆಲ್ಲ ಇನ್ನು ಮುಂದೆ ಆ ಬಣ್ಣ' ಎಂದು ಅಪ್ಪಣೆ ಕೊಟ್ಟರೆ ಮುಗಿಯಿತು. ಮನೆಯಲ್ಲಿ ಒಂದು ಲೋಟ ಆಚೆ ಸರಿಸಲೂ ನನ್ನ ಮಾತು ನಡೆಯದ ಕಾರಣ ಈ ಅಧಿಕಾರ ನನಗೆ ಬಹಳ ಹಿಡಿಸಿತ್ತು. ಅದು ಮೊನ್ನೆಯವರೆಗೆ. ಈಗ ಕೆಂಪು ಕಂಡರೆ ಮೌಸಿನಿಂದ ಕೈ ತೆಗೆಯುತ್ತೇನೆ, ಹಸಿರು ಕಂಡರೆ ಕುರ್ಚಿಯಿಂದಲೇ ಏಳುತ್ತೇನೆ.

ಒಂದು ಮದುವೆಯ ಫೋಟೋ ನೋಡಿ ಮದುಮಗನ ಅತ್ತೆ ತಕರಾರು ತೆಗೆದರು. "ಎಂತ ಮಾರಾಯ್ರೆ ಇದು? ಹಿಂದಿನ ಪರದೆ ಕೆಂಪು, ಹುಡುಗಿಯ ಸೀರೆಯೂ ಕೆಂಪು. ಹುಡುಗಿ ಎಲ್ಲಿ ಉಂಟು ಅಂತ ಹುಡುಕಬೇಕಷ್ಟೆ. ಪರದೆ ಹಸಿರು ಮಾಡಿ." ಸೀರೆಯನ್ನು ಆಮೇಲೆ ಸರಿಮಾಡಿದರಾಯಿತು ಎಂದು, ಆ ಫೋಲ್ಡರಿನ ಅಷ್ಟೂ ಫೋಟೋಗಳ ಕೆಂಪನ್ನು ಒಂದೇ ಏಟಿಗೆ ಹಸಿರು ಮಾಡಿಬಿಟ್ಟೆ. ನನ್ನ ಫೋನಿನ ಫೋಟೋಗಳೂ ಅಲ್ಲಿಗೇ ಬಂದು ಬೀಳುತ್ತವೆ ಎಂಬುದು ನೆನಪಾಗಲಿಲ್ಲ.

ಹಾಗೆ ಬಿದ್ದವುಗಳಲ್ಲಿ ಐವರ್ನಾಡಿನ ಕುಶಾಲಪ್ಪ ಬಾವನ ಪಂಪಿನ ಫೋಟೋವೂ ಇತ್ತು. ಬಾವ ಎಂದರೆ ನನ್ನ ಹೆಂಡತಿಯ ಅಣ್ಣ; ಅವರಿಗೆ ನಾನೂ ಬಾವನೇ. ಮೋಟಾರನ್ನು ವೈಂಡಿಂಗಿಗೆ ಪುತ್ತೂರಿಗೆ ಒಯ್ಯುವ ಮುಂಚೆ, ಯಾವ ವಯರು ಎಲ್ಲಿತ್ತು ಎಂದು ನೆನಪಿಗಿರಲಿ ಅಂತ ತೆಗೆದದ್ದು. "ಮೋಟಾರಿನದ್ದು ಮಾತ್ರ ಯಾಕೆ, ನಂದೂ ಬರ್ಲಿ" ಎಂದು ಬಾವ ಎಲೆಯಡಿಕೆ ತುಂಬಿದ ಬಾಯಿ ಕಿಸಿದು ಪಕ್ಕದಲ್ಲಿ ನಿಂತಿದ್ದರು. ಮೋಟಾರು ವಾಪಸು ಬಂದ ದಿನ ಆ ಫೋಟೋವನ್ನು ಪ್ರಿಂಟ್ ತೆಗೆದು ಒಯ್ದೆ. ಬಾವನ ಮುಖವನ್ನು ಮದುವೆಯಾದಂದಿನಿಂದ ನೋಡುತ್ತಿದ್ದೇನೆ, ಮತ್ತೆ ನೋಡಲು ಏನಿದೆ ಎಂದು ನೋಡಿರಲಿಲ್ಲ.

ಪಂಪಿನ ಶೆಡ್ಡಿನ ನೆಲ ಒದ್ದೆ. ಬಾವ ಬರಿಗಾಲಲ್ಲಿದ್ದರು. "ಬಾವ, ಇದರಲ್ಲಿ ಕೆಂಪು ವಯರೇ ಇಲ್ಲ. ಎರಡು ಹಸಿರುಂಟು," ಎಂದು ಫೋಟೋದ ವಯರುಗಳನ್ನಷ್ಟೇ ನೋಡಿ ನನ್ನ ಕೈಗೆ ಕೊಟ್ಟರು.

"ಫೋಟೋ ಸುಳ್ಳು ಹೇಳುದಿಲ್ಲ ಬಾವ," ಎಂದೆ. ಪದವೀಧರನಲ್ಲವೇ!

"ಹಾಗಾದ್ರೆ ಯಾವುದನ್ನು ಎಲ್ಲಿ ಕೊಟ್ಟರೂ ಒಂದೇ," ಎಂದವರು ಕರೆಂಟು ಹರಿಯುವ ಕೆಂಪು ವಯರನ್ನು ಮೋಟಾರಿನ ಮೈಗೆ ಬಿಗಿದರು, ಅರ್ತಿಂಗಿನ ಹಸಿರನ್ನು ಒಳಗೆ. ಮೋಟಾರು ಹೊರಟಿತೇ ಎಂದು ಅಂಗೈ ಇಟ್ಟು ನೋಡುವುದು ಅವರ ಕ್ರಮ. ಒಂದು ಕೈ ಮೋಟಾರಿನ ಮೇಲೆ, ಇನ್ನೊಂದು ಸ್ವಿಚ್ಚಿನ ಕಡೆಗೆ. ನನ್ನ ಕಡೆ ತಿರುಗಿ ನಕ್ಕರು. ಬಾಯಿ ಕೆಂಪಗಿತ್ತು. ನನ್ನ ಕೈಯಲ್ಲಿದ್ದ ಫೋಟೋದಲ್ಲಿ ಅದೇ ಬಾಯಿ ಗಿಳಿಹಸಿರು.

ಆ ಕ್ಷಣ ಈಗಲೂ ಊಟದ ನಡುವೆ ಬಂದು ಕಣ್ಣೆದುರು ನಿಲ್ಲುತ್ತದೆ. "ಬಾವಾ, ಬಾಯಿ!" ಎಂದು ಕಿರುಚಿದೆ. 'ಕೈ' ಎನ್ನಬೇಕಿತ್ತು, ಬಂದದ್ದು ಬಾಯಿ. ಏನೋ ಅಂಟಿದೆ ಎಂದುಕೊಂಡ ಬಾವ ಸ್ವಿಚ್ಚಿನ ಕೈಯನ್ನು ಹಿಂದಕ್ಕೆ ತಂದು ಬಾಯಿ ಒರೆಸಿಕೊಂಡರು. ಅಷ್ಟರಲ್ಲಿ ನಾನು ಅವರನ್ನು ತಬ್ಬಿ ಹೊರಗೆ ಎಳೆದಾಗಿತ್ತು.

ಅಂದೇ ನಿಶ್ಚಯಿಸಿದೆ: ಇನ್ನು 'ಎಲ್ಲ ಕೆಂಪು' ಎಂಬ ಅಪ್ಪಣೆ ನನ್ನ ಬೆರಳಿನಿಂದ ಹೊರಡುವುದಿಲ್ಲ. ಆ ಪರದೆಯನ್ನು ಮಡಿಕೆ ಮಡಿಕೆಯಾಗಿ ಕೈಯಲ್ಲೇ ಹಸಿರು ಮಾಡುತ್ತಿದ್ದೇನೆ. ತಡವಾಯಿತೆಂದು ಮದುಮಗನ ಅತ್ತೆ ಎಷ್ಟು ಬೇಕಾದರೂ ಬೈಯಲಿ. ವಯರುಗಳ ವಿಷಯದಲ್ಲೂ ಛಲ ಬಿಡಲಿಲ್ಲ. ಒಂದೊಂದಕ್ಕೂ ಚೀಟಿ ಕಟ್ಟಿ, ದಪ್ಪಕ್ಷರದಲ್ಲಿ ಬರೆದು, ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ.

ಅವನು ಚೀಟಿ ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕೆಂಪು ವಯರಿಗೆ 'ಕೆಂಪು' ಅಂತ ಚೀಟಿಯಾ? ಇವರಿಗೆ ಬಣ್ಣ ಕಾಣುದಿಲ್ವಾ?" ಎಂದು ಬಾವನನ್ನು ಕೇಳಿದ.

"ಕಾಣ್ತದೆ," ಎಂದರು ಬಾವ, ಮತ್ತೊಂದು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ. "ಕಂಡದ್ದನ್ನು ಹಾಗೇ ಬಿಡ್ಲಿಕ್ಕೆ ಮಾತ್ರ ಗೊತ್ತಿಲ್ಲ."