ಗುರುವಾರದ ದಿಂಬಿನ ಬಗ್ಗೆ ಅವಕಾಶ ಸಮಿತಿಗೆ ಒಂದು ಕೃತಜ್ಞತಾಪೂರ್ವಕ ದೂರು

ಮಾನ್ಯ ಅಧ್ಯಕ್ಷರು ಮತ್ತು ಸರ್ವ ಸದಸ್ಯರಿಗೆ,
ಅವಕಾಶ ಹಾಗೂ ಸಮುದಾಯ ಭಾವನೆ ಸಮಿತಿ,
ವಿಶ್ವವಿದ್ಯಾಲಯದ ಮೆದುಳು ಚಿತ್ರಣ ಕೇಂದ್ರ,
ಮೂರನೇ ಮಹಡಿ, ಕಿಟಕಿಯಿರುವ ಕಡೆ.

ಮಾನ್ಯರೇ,

ನೆಲಮಾಳಿಗೆಯಿಂದ ಸಾದರ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದೂ ತಮ್ಮ ಸಭೆಗಳು ಎಂದಿನಂತೆ ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟಿ ವಂಶಾಭಿವೃದ್ಧಿ ಹೊಂದುತ್ತಿವೆಯೆಂದೂ ನಂಬಿದ್ದೇನೆ. ನಾನು ಯಾರೆಂಬುದು ತಮಗೆ ತಿಳಿದಿರಲಾರದು, ಅದರಲ್ಲಿ ತಮ್ಮ ತಪ್ಪೇನೂ ಇಲ್ಲ, ಏಕೆಂದರೆ ಲಿಫ್ಟು ನಮ್ಮ ಮಹಡಿಗೆ ಬರುವುದಿಲ್ಲ. ಹನ್ನೊಂದು ವರ್ಷಗಳಿಂದ ನಾನು ಸ್ಕ್ಯಾನ್ ಯಂತ್ರದ ಪಕ್ಕದ ಬಟ್ಟೆ ಬದಲಾಯಿಸುವ ಕೋಣೆಯ ಸಹಾಯಕಿ. ಆ ಯಂತ್ರ ದೊಡ್ಡದೊಂದು ಅಯಸ್ಕಾಂತವಾದ್ದರಿಂದ ಒಳಗೆ ಮಲಗಲು ಬರುವ ಪ್ರತಿಯೊಬ್ಬರ ಬಳಿಯೂ ಕೀಲಿಕೈ, ಪಿನ್ನು, ಬೆಲ್ಟು, ಕಟ್ಟಿಸಿದ ಹಲ್ಲು ಇತ್ಯಾದಿ ಲೋಹ ಏನಿದೆಯೆಂದು ಕೇಳಿ, ಕಳಚಿಸಿ, ಗೌನು ತೊಡಿಸಿ ನೆಲದ ಮೇಲಿನ ಕೆಂಪು ಗೆರೆಯವರೆಗೆ ಕರೆದೊಯ್ಯುವುದು ನನ್ನ ಕೆಲಸ. ಗೆರೆಯ ಆಚೆ ವಿಜ್ಞಾನ, ಈಚೆ ನಾನು. ಎಲ್ಲರೂ ನನ್ನನ್ನು ‘ಲೋಹದಕ್ಕ’ ಎನ್ನುತ್ತಾರೆ. ನಮ್ಮಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯುವುದಿಲ್ಲ, ಅವರವರ ವಿಷಯವೇ ಹೆಸರು: ನಿದ್ರೆಯವರು, ಹಸಿವಿನವರು, ಮರೆವಿನವರು. ನಿದ್ರೆಯವರ ಕಣ್ಣು ಸದಾ ಕೆಂಪಗಿರುತ್ತದೆ, ಮರೆವಿನವರ ಕೊಡೆಗಳು ಮೂರು ನನ್ನ ಬಳಿಯೇ ಇವೆ, ಹಸಿವಿನವರು ಬಂದರೆ ಬಿಸ್ಕತ್ತಿನ ಡಬ್ಬಿ ಮುಚ್ಚಿಡಬೇಕು.

ಮೊದಲಿಗೆ ತಮ್ಮ ಔದಾರ್ಯವನ್ನು ಹೊಗಳುವುದು ನನ್ನ ಕರ್ತವ್ಯ. ಪ್ರತಿ ಸೋಮವಾರ ತಾವು ‘ನಮ್ಮ ಸಮುದಾಯದ ಎಲ್ಲರಿಗೂ’ ಎಂಬ ತಲೆಬರಹದಡಿ ಕಳಿಸುವ ಅವಕಾಶಗಳ ಪಟ್ಟಿಯನ್ನು ಗೋಡೆಯ ಹಲಗೆಯ ಮೇಲೆ ಅಂಟಿಸುವವಳು ನಾನೇ. ಹೋದ ವರ್ಷ ಅದರಲ್ಲಿ ಸ್ಕ್ಯಾನಿನ ಸುರಕ್ಷತೆಯ ಬಗ್ಗೆ ಒಂದು ವಾರದ ತರಬೇತಿಯಿತ್ತು. ‘ಎಲ್ಲರಿಗೂ’ ಎಂಬ ಪದವನ್ನು ನಾನು ಅಮಾಯಕಳಾಗಿ ಅದರ ನಿಘಂಟಿನ ಅರ್ಥದಲ್ಲಿ ತೆಗೆದುಕೊಂಡು ಅರ್ಜಿ ಹಾಕಿದೆ. ಮೆದುಳಿನ ಯಾವ ಭಾಗದಲ್ಲಿ ಪರಿಣತಿ ಎಂದು ಕೇಳಿದ್ದಿರಿ, ‘ಹೊರಭಾಗ: ಕೂದಲು, ಕಿವಿ, ಹೇರ್‌ಪಿನ್ನು’ ಎಂದು ತುಂಬಿದೆ. ತಾವು ನಾಲ್ಕೇ ದಿನದಲ್ಲಿ ಉತ್ತರಿಸಿ, ಬಟ್ಟೆ ಕೋಣೆಯ ಸಿಬ್ಬಂದಿ ಸಮುದಾಯಕ್ಕೆ ಸೇವೆ ಸಲ್ಲಿಸುವವರೇ ಹೊರತು ಸಮುದಾಯವಲ್ಲ ಎಂದು ತಿಳಿಸಿಕೊಟ್ಟಿರಿ. ಇಷ್ಟು ವರ್ಷ ನನಗಿದ್ದ ಒಂದು ಗೊಂದಲ ಅಲ್ಲಿಗೆ ಪರಿಹಾರವಾಯಿತು.

ಅದೇ ತಿಂಗಳು ತಾವು ಪ್ರತಿ ಗುರುವಾರವನ್ನು ‘ಸಮುದಾಯ ದಿನ’ವೆಂದು ಘೋಷಿಸಿ, ಆ ದಿನ ಯಂತ್ರದೊಳಗಿನ ದಿಂಬಿಗೆ ತೊಡಿಸಲು ಎಂಟು ಹೊಸ ಕವರುಗಳನ್ನು ದಯಪಾಲಿಸಿದಿರಿ. ತಿಳಿನೀಲಿ ಬಟ್ಟೆ, ನಡುವೆ ಬೆಳ್ಳಿಬಣ್ಣದ ದಾರದಲ್ಲಿ ಕಸೂತಿ ಮಾಡಿದ ಕೇಂದ್ರದ ಲಾಂಛನ, ಜೊತೆಗೆ ‘ಶುದ್ಧ ಹತ್ತಿ’ ಎಂಬ ಪತ್ರ. ನಾನು ಅಭ್ಯಾಸಬಲದಿಂದ ನನ್ನ ಕೈಯಯಸ್ಕಾಂತವನ್ನು ಹಿಡಿದು ನೋಡಿದೆ, ಅಂಟಿಕೊಳ್ಳಲಿಲ್ಲ. ಸಮಿತಿಯ ಸಹಿಯೂ ಇದ್ದುದರಿಂದ ಗೆರೆಯಾಚೆ ಕೊಟ್ಟುಬಿಟ್ಟೆ. ಈ ಪತ್ರದಲ್ಲಿ ನನ್ನ ತಪ್ಪು ಎಂದು ಒಪ್ಪಿಕೊಳ್ಳಬೇಕಾದದ್ದು ಇದೊಂದೇ, ಅದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಮುಖದ ಹುಡುಗಿಯ ವಿಚಾರ. ಪರಿಚಿತರ ಮುಖ ಕಂಡಾಗ ಮೆದುಳಿನಲ್ಲಿ ಏನಾಗುತ್ತದೆ ಎಂಬುದು ಅವಳ ಪಿಎಚ್.ಡಿ. ವಿಷಯ. ನಲವತ್ತು ಸ್ವಯಂಸೇವಕರನ್ನು ಯಂತ್ರದಲ್ಲಿ ಮಲಗಿಸಿ ಚಿತ್ರ ತೆಗೆದಿದ್ದಳು. ಚಿತ್ರಗಳನ್ನು ಹರಡಿಕೊಂಡು ನೋಡಿದಾಗ ಹದಿಮೂರು ಜನರ ತಲೆಯ ಹಿಂಭಾಗದಲ್ಲಿ ವಿಚಿತ್ರ ಹೊಳಪು ಕಂಡಿತು, ಆ ಹದಿಮೂರು ಮಂದಿಯೂ ಗುರುವಾರ ಬಂದವರು. ಅವಳು ಹೆದರಿ ತನ್ನ ಮಾರ್ಗದರ್ಶಕರಿಗೆ, ಅಂದರೆ ನಾವೆಲ್ಲ ‘ದೊಡ್ಡ ಸರ್’ ಎನ್ನುವವರಿಗೆ ತೋರಿಸಿದಳು. ದೊಡ್ಡ ಸರ್ ಹೆದರಲಿಲ್ಲ, ಹಿಗ್ಗಿದರು. ತಲೆಯ ಹಿಂಭಾಗ ನೋಟಕ್ಕೆ ಸಂಬಂಧಿಸಿದ್ದಂತೆ, ಗುರುವಾರದ ಹೊತ್ತಿಗೆ ದಣಿದ ಮನುಷ್ಯ ಬರಲಿರುವ ರಜೆಯನ್ನು ಮನಸ್ಸಿನಲ್ಲೇ ನೋಡತೊಡಗುತ್ತಾನಂತೆ, ಆ ಹೊಳಪು ಅದೇ ಅಂತೆ. ‘ಗುರುವಾರದ ಮೆದುಳು’ ಎಂದು ಹೆಸರಿಟ್ಟು, ವಾರ್ಷಿಕ ಸಮ್ಮೇಳನದ ಶುಕ್ರವಾರದ ಭಾಷಣಕ್ಕೆ ಅದನ್ನೇ ಗೊತ್ತುಮಾಡಿದರು. ಇದು ನಿಜವೆಂದು ನಿಂತರೆ ಎರಡು ವರ್ಷದ ಸಂಶೋಧನಾ ಹುದ್ದೆ ಅವಳಿಗೇ ಎಂದೂ ಮಾತು ಕೊಟ್ಟರು. ತಮ್ಮ ಸೋಮವಾರದ ಪಟ್ಟಿಗಳಿಗೆ ಅವಳು ಹದಿನೇಳು ಅರ್ಜಿ ಹಾಕಿ ಹದಿನೇಳು ವಿಷಾದಪತ್ರ ಪಡೆದವಳು. ಆ ದಿನ ಬಂದು ನನ್ನ ಕೈ ಹಿಡಿದುಕೊಂಡು ಕುಣಿದಳು.

ಆ ಹದಿಮೂರರಲ್ಲಿ ಒಬ್ಬ ಬಸ್ ಚಾಲಕ, ಗೌನು ಕಳಚುವಾಗ ಕತ್ತಿನ ಹಿಂದೆ ಏನೋ ಬೆಚ್ಚಗಾಯಿತು ಎಂದಿದ್ದ. ಸಮಿತಿಯ ದಿಂಬು ಅಷ್ಟು ಹಿತವಾಗಿದೆ ಎಂದು ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ.

ಸಮ್ಮೇಳನಕ್ಕೆ ಐದು ದಿನವಿದ್ದಾಗ, ಎರಡು ಕವರುಗಳ ಕಟ್ಟುವ ಲಾಡಿ ಕಿತ್ತುಬಂದಿತ್ತು. ರಿಪೇರಿಗೆ ತಮ್ಮ ಮೂರು ಪ್ರತಿ ನಮೂನೆ ತುಂಬುವುದಕ್ಕಿಂತ ದರ್ಜಿಯಾದ ನನ್ನ ಗಂಡನ ಕೈಗೆ ಕೊಡುವುದು ಸುಲಭವೆಂದು ಮನೆಗೆ ಒಯ್ದೆ. ಭಾನುವಾರ ಬೆಳಿಗ್ಗೆ ಅವರು ಲಾಡಿ ಹೊಲಿದು, ಕಸೂತಿಯ ಮೇಲೆ ಬೆರಳಾಡಿಸಿ, ತುದಿಯಿಂದ ಒಂದು ಎಳೆ ಎತ್ತಿ ಬೆಂಕಿಕಡ್ಡಿ ಗೀರಿ ಹಿಡಿದರು. ಎಳೆ ಸುಟ್ಟು ಮುದುಡಲಿಲ್ಲ, ಕಪ್ಪಾಗಿ ಹಾಗೇ ನಿಂತಿತು.

“ಇದು ದಾರ ಅಲ್ಲ ಕಣೇ, ತಂತಿ,” ಎಂದರು.

ಅಯಸ್ಕಾಂತಕ್ಕೆ ಅಂಟದ ಲೋಹವೂ ಉಂಟೆಂದು, ಅಂಥದ್ದು ಯಂತ್ರದೊಳಗೆ ಚಿತ್ರವನ್ನೂ ಕೆಡಿಸುತ್ತದೆ, ಚರ್ಮವನ್ನೂ ಸುಡಬಲ್ಲದೆಂದು ನನಗೆ ಗೊತ್ತಿತ್ತು. ಬಸ್ ಚಾಲಕನ ಕತ್ತು ನೆನಪಾಗಿ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಹನ್ನೊಂದು ವರ್ಷ ಬೇರೆಯವರ ಜೇಬು ತಡಕಿದವಳು, ಸಮಿತಿಯ ಉಡುಗೊರೆಯ ಮುಂದೆ ಕಣ್ಣು ಮುಚ್ಚಿಕೊಂಡಿದ್ದೆ.

ಸೋಮವಾರ ಎಂಟೂ ಕವರುಗಳನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ ಹುಡುಗಿಗೆ ಹೇಳಿದೆ. ಮುಖದ ಬಗ್ಗೆ ಅಷ್ಟು ಓದಿದವಳ ಮುಖ ಒಂದು ಕ್ಷಣದಲ್ಲಿ ಹೇಗೆ ಬಿಳುಚಿತೆಂದರೆ, ಹೇಳಬಾರದಿತ್ತೇನೋ ಅನ್ನಿಸಿತು. ಆದರೂ ಅವಳು ಅಳಲಿಲ್ಲ, ಪರೀಕ್ಷೆ ಮಾಡೋಣ ಎಂದಳು. ಮಂಗಳವಾರ ಬೆಳಿಗ್ಗೆ ನಿದ್ರೆಯವರ ಸ್ವಯಂಸೇವಕರೊಬ್ಬರು ಮನೆಯಲ್ಲೇ ನಿದ್ದೆಹೋಗಿ ಬರಲಿಲ್ಲವಾದ್ದರಿಂದ ಯಂತ್ರ ಖಾಲಿಯಿತ್ತು. ನಾನು ಮಾರುಕಟ್ಟೆಯಿಂದ ಮನುಷ್ಯನ ತಲೆಯ ಅಳತೆಯ ಒಂದು ಕಲ್ಲಂಗಡಿ ತಂದೆ. ಹೆಸರು ಮತ್ತು ಹುಟ್ಟಿದ ದಿನಾಂಕ ತುಂಬದೆ ತಮ್ಮ ವ್ಯವಸ್ಥೆ ಯಂತ್ರವನ್ನು ತೆರೆಯುವುದಿಲ್ಲವಾದ್ದರಿಂದ ಅದಕ್ಕೆ ಎರಡನ್ನೂ ಕೊಟ್ಟೆವು. ಮೊದಲು ಹಳೆಯ ಬಿಳಿ ಕವರಿನ ಮೇಲೆ ಮಲಗಿಸಿದಾಗ ಕಲ್ಲಂಗಡಿ ಕಲ್ಲಂಗಡಿಯಂತೆಯೇ ಕಂಡಿತು. ತಮ್ಮ ಲಾಂಛನದ ಮೇಲೆ ಮಲಗಿಸಿದ್ದೇ ತಡ, ಮಂಗಳವಾರವೇ ಅದಕ್ಕೆ ಗುರುವಾರವಾಯಿತು.

ಹುಡುಗಿ ಬಂದು ನನ್ನ ಕೋಣೆಯ ಬೆಂಚಿನ ಮೇಲೆ ಕೂತಳು. ಹುದ್ದೆ ಹೋಯಿತು, ಹದಿಮೂರು ಜನರ ಚಿತ್ರ ಹೋಯಿತು, ಮತ್ತೆ ತೆಗೆಯೋಣವೆಂದರೆ ಅವಳ ಪಾಲಿನ ಯಂತ್ರದ ಸಮಯವೂ ಮುಗಿದಿತ್ತು. ನೆಲ ನೋಡುತ್ತಾ ಕೇಳಿದಳು.

“ಅಕ್ಕಾ, ನಾವಿಬ್ರೂ ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?”

“ಗೊತ್ತಾಗಲ್ಲಮ್ಮ,” ಎಂದೆ. “ಆದ್ರೆ ಗುರುವಾರ ಇನ್ಯಾರೋ ಬಂದು ಅದರ ಮೇಲೆ ತಲೆ ಇಡ್ತಾರೆ.”

ಕವರುಗಳು ನನ್ನ ಬೀರುವಿನಲ್ಲಿದ್ದವು, ಆ ಮಾತು ಪೂರ್ತಿ ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೀಗ ನನ್ನದಾದರೂ ಆಜ್ಞೆ ತಮ್ಮದು, ಇನ್ನೊಂದು ಕಟ್ಟು ಯಾವಾಗ ಬೇಕಾದರೂ ಇಳಿದುಬರಬಹುದಿತ್ತು. ಅವಳು ಎದ್ದು ಮುಖ ತೊಳೆದುಕೊಂಡು ದೊಡ್ಡ ಸರ್ ಕೋಣೆಗೆ ಹೋದಳು.

ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಸರ್ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರಂತೆ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರಂತೆ. ಕಲ್ಲಂಗಡಿಯೂ ರಜೆಗೆ ಕಾಯುತ್ತಿದೆ ಅನ್ನು ಎಂದರಂತೆ. ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ, ಶುಕ್ರವಾರ ನಾನೇ ಹೇಳುತ್ತೇನೆ, ನೀನು ಮಾತಾಡಬೇಡ ಎಂದು ಕಳಿಸಿದರು. ಮೂರು ದಿನ ಅವಳು ಊಟ ಸೇರದೆ, ಅವರು ಏನು ಹೇಳುತ್ತಾರೋ ಎಂದು ಕಾದಳು. ಶುಕ್ರವಾರ ತುಂಬಿದ ಸಭೆಯೆದುರು ದೊಡ್ಡ ಸರ್ ಕಲ್ಲಂಗಡಿಯ ಚಿತ್ರವನ್ನು ಪರದೆಯ ಮೇಲೆ ಹಾಕಿ ಹೇಳಿದ್ದು ಇಷ್ಟೇ:

“ಈ ಶೋಧ ನನ್ನದು ಅಂದ್ಕೊಂಡಿದ್ದೆ. ದಿಂಬಿನದು.”

ಉಳಿದ ನಲವತ್ತು ನಿಮಿಷ ಅವರು ತಾವು ಹೇಗೆ ಏಮಾರಿದರೆಂಬುದನ್ನು ಒಂದೊಂದಾಗಿ ಬಿಡಿಸಿ ಹೇಳಿದರಂತೆ. ಸಭೆ ಮುಗಿಯುವ ಮೊದಲೇ ಹಸಿವಿನವರು ತಮ್ಮ ಪಾಲಿನ ಯಂತ್ರದ ಎರಡು ಬೆಳಿಗ್ಗೆಗಳನ್ನೂ ಮರೆವಿನವರು ಒಂದು ಇಡೀ ಶನಿವಾರವನ್ನೂ ಹುಡುಗಿಗೆ ಬಿಟ್ಟುಕೊಟ್ಟರು. ಮರೆವಿನವರು ಕೊಟ್ಟದ್ದನ್ನು ಮರೆಯಬಾರದೆಂದು ನಾನು ಅಂದೇ ಬರೆಸಿಕೊಂಡೆ. ಹದಿಮೂರು ಮಂದಿಗೂ ಫೋನು ಮಾಡಿದವಳು ನಾನು. ಪಟ್ಟಿಯಲ್ಲಿ ಅವರು ಬರೀ ಸಂಖ್ಯೆಗಳು, ನನಗೆ ಮಾತ್ರ ಬಿಗಿ ಉಂಗುರದವರು, ಸ್ಟೀಲ್ ಹಲ್ಲಿನವರು, ಇಪ್ಪತ್ತೆರಡು ಹೇರ್‌ಪಿನ್ನಿನ ಟೀಚರು. ಹನ್ನೊಂದು ಮಂದಿ ಮತ್ತೆ ಬಂದರು. ಬಸ್ ಚಾಲಕನ ಕತ್ತನ್ನು ಮೊದಲು ನಾನೇ ನೋಡಿದೆ. ಏನೂ ಆಗಿರಲಿಲ್ಲ. ಕ್ಷಮೆ ಕೇಳಿದೆ. ಮತ್ತೆ ಮಲಗೋಕೆ ಆ ಬೆಚ್ಚಗಿನ ದಿಂಬೇ ಕೊಡಿ ಎಂದು ತಮಾಷೆ ಮಾಡಿದ. ಮುಖದ ಹುಡುಗಿಯ ಪ್ರಬಂಧ ಉಳಿಯಿತು. ಹುದ್ದೆ ಉಳಿಯಲಿಲ್ಲ, ಗುರುವಾರದ ಮೆದುಳಿನೊಂದಿಗೆ ಅದೂ ಹೋಯಿತು. ಮುಂದಿನ ತಿಂಗಳು ಅವಳು ಬೇರೊಂದು ಕೇಂದ್ರಕ್ಕೆ ಒಂದು ವರ್ಷದ ಸಣ್ಣ ಕೆಲಸಕ್ಕೆ ಹೋಗುತ್ತಾಳೆ. ಆ ಕೆಲಸ ತಮ್ಮ ಪಟ್ಟಿಯಲ್ಲಿದ್ದದ್ದಲ್ಲ.

ಮಾನ್ಯರೇ, ಇಷ್ಟೆಲ್ಲದರ ಬಳಿಕ ತಮ್ಮ ವಾರ್ತಾಪತ್ರದಲ್ಲಿ ‘ಸಮುದಾಯ ದಿನದ ದಿಂಬು ಯೋಜನೆಯಿಂದ ಪ್ರೇರಿತವಾದ ಮಹತ್ವದ ಸುರಕ್ಷತಾ ಶೋಧ’ ಎಂಬ ವರದಿಯನ್ನೂ ತಾವು ಪರಸ್ಪರ ಹಾರ ಹಾಕಿಕೊಂಡ ಚಿತ್ರವನ್ನೂ ಕಂಡು ನನ್ನ ಹೃದಯ ತುಂಬಿಬಂತು. ಮನೆಗೆ ಬೆಂಕಿಯಿಟ್ಟವನೇ ಬೆಳಕು ಕೊಟ್ಟೆನೆಂದು ಸನ್ಮಾನಕ್ಕೆ ಕೂರುವುದು ಎಲ್ಲರಿಗೂ ಒಲಿಯುವ ಕಲೆಯಲ್ಲ. ಲೋಹದ ಎಳೆಯ ಬಗ್ಗೆ ಹುಡುಗಿ ಮತ್ತು ದೊಡ್ಡ ಸರ್ ಬರೆದ ಲೇಖನದಲ್ಲಿ ಮೂರನೆಯ ಹೆಸರು ನನ್ನದಿತ್ತು. ಲೇಖಕರು ಸಮುದಾಯದ ನೋಂದಾಯಿತ ಸದಸ್ಯರಾಗಿರತಕ್ಕದ್ದು ಎಂದು ತಾವು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಕಳಿಸಿದಿರಿ. ಯಂತ್ರದಲ್ಲಿ ಮಲಗಿದ ಸಕಲರನ್ನೂ ತಮ್ಮ ವ್ಯವಸ್ಥೆ ತಾನಾಗಿಯೇ ಸದಸ್ಯರನ್ನಾಗಿ ಮಾಡುವುದರಿಂದ, ಕಲ್ಲಂಗಡಿಗೆ ಪ್ರತಿ ಸೋಮವಾರ ಅವಕಾಶಗಳ ಪತ್ರ ಬರುತ್ತಿದೆ. ಆ ಹಣ್ಣನ್ನು ನಾವು ಪರೀಕ್ಷೆಯ ಮಂಗಳವಾರ ಮಧ್ಯಾಹ್ನವೇ ಕೊಯ್ದು ತಿಂದಿದ್ದೇವೆ. ಆದ್ದರಿಂದ ದಿವಂಗತ ಸದಸ್ಯರ ಪರವಾಗಿ ನನ್ನ ಕೆಲವು ವಿನಮ್ರ ಕೋರಿಕೆಗಳಿವೆ. ತೆರವಾದ ಅವರ ಸ್ಥಾನಕ್ಕೆ ನನ್ನನ್ನು ಅನುಕಂಪದ ಆಧಾರದ ಮೇಲೆ ಪರಿಗಣಿಸಬೇಕು. ಮುಂದಿನ ಉಡುಗೊರೆಗಳನ್ನು ನಮಗೆ ಕಳಿಸುವ ಮುನ್ನ ಸಮಿತಿಯ ಸದಸ್ಯರೇ ಒಂದು ಗಂಟೆ ತಲೆಯಡಿ ಇಟ್ಟುಕೊಂಡು ಮಲಗಿ ನೋಡಬೇಕು, ಸಭೆಯ ಸಮಯದಲ್ಲೇ ಆದರೂ ಸರಿ, ಅಭ್ಯಾಸಕ್ಕೆ ಭಂಗ ಬರದು. ಸಾಧ್ಯವಾದರೆ ಗುರುವಾರವನ್ನು ವಾರದಿಂದಲೇ ತೆಗೆದುಹಾಕಬೇಕು.

ಲೇಖನದ ವಿಷಯದಲ್ಲಿ ಮಾತ್ರ ಕೋರಿಕೆಯಿಲ್ಲ. ಹುಡುಗಿ ತಮ್ಮ ಕೆಂಪು ಶಾಯಿಯನ್ನು ನೋಡಿ, ಮೂರೂ ಹೆಸರಿಟ್ಟು ತಾನೇ ನೇರವಾಗಿ ಪತ್ರಿಕೆಗೆ ಕಳಿಸಿದಳು. ದೊಡ್ಡ ಸರ್ ಅದರಡಿ ಸಹಿ ಹಾಕಿದರು. ಹೋದ ವಾರ ಅದು ಅಚ್ಚಾಗಿ ಬಂತು. ನನ್ನ ನಿಜವಾದ ಹೆಸರು ಪೂರ್ತಿಯಾಗಿ ಇದೆ. ಅದನ್ನು ನಾನೇ ಓದಿ ಬಹಳ ದಿನವಾಗಿತ್ತು. ಮನೆಗೆ ಒಯ್ದು ತೋರಿಸಿದಾಗ ನನ್ನ ಗಂಡ ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆ ನೋಡುವ ಹಾಗೆ ಆ ಸಾಲಿನ ಮೇಲೆ ಬೆರಳಾಡಿಸಿ, ಅಕ್ಷರ ಸಣ್ಣದು, ಆದರೆ ಗಟ್ಟಿಯಾಗಿ ಕೂತಿದೆ ಎಂದರು. ಅವರ ಬಾಯಿಂದ ಇಷ್ಟು ಹೊಗಳಿಕೆ ಬಂದದ್ದು ಮದುವೆಯಾದ ಮೇಲೆ ಇದು ಎರಡನೆಯ ಸಲ.

ಇಂತಿ, ಕೆಂಪು ಗೆರೆಯ ಈಚೆಯಿಂದ,
ತಮ್ಮ ವಿಶ್ವಾಸಿ,
ಲೋಹದಕ್ಕ

ಮರೆತ ಮಾತು: ತಮ್ಮ ದೂರು ನಮೂನೆ ಸದಸ್ಯ ಸಂಖ್ಯೆಯಿಲ್ಲದೆ ತೆರೆಯದ ಕಾರಣ ಈ ಪತ್ರವನ್ನು ಬಟ್ಟೆ ಕೋಣೆಯ ಕನ್ನಡಿಯ ಮೇಲೆ ಅಂಟಿಸಿದ್ದೇನೆ. ಬರುವ ಬುಧವಾರ ಹತ್ತು ಗಂಟೆಗೆ ಮಾನ್ಯ ಅಧ್ಯಕ್ಷರೇ ಸ್ವಯಂಸೇವಕರಾಗಿ ಬರಲಿರುವುದನ್ನು ಪಟ್ಟಿಯಲ್ಲಿ ಕಂಡು ಸಂತೋಷವಾಯಿತು. ದಯವಿಟ್ಟು ಗಡಿಯಾರ, ಬೆಲ್ಟು, ಪೆನ್ನು ಕಳಚಿ ನನ್ನ ಕೈಗೆ ಕೊಡತಕ್ಕದ್ದು. ಬಿಂಕ ಲೋಹವಲ್ಲವಾದ್ದರಿಂದ ಅದನ್ನು ಒಳಗೆ ಒಯ್ಯಲು ಅಡ್ಡಿಯಿಲ್ಲ.