ಸರ್ಕಾರಿ ತೆಂಗಿನಮರದ ಮುಡಿಪು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಮನೆಯವರು ಹೇಳುತ್ತಾರೆ, ಅವರು ಹೇಳಿದರೆ ಸ್ವಲ್ಪ ಉದ್ದವಾಗುತ್ತದೆ. ಹಾಲಿನವನು ನಗುತ್ತಾ ಬಂದರೆ ಇವತ್ತು ಹಾಲಿಗೆ ನೀರು ಹೆಚ್ಚಾಗಿ ಬಿದ್ದಿದೆ ಎಂದುಕೊಳ್ಳುತ್ತೇನೆ. ನಗದೆ ಬಂದರೆ ನಿನ್ನೆ ಹೆಚ್ಚಾಗಿತ್ತು, ಅದಕ್ಕೇ ಮುಖ ತಪ್ಪಿಸುತ್ತಿದ್ದಾನೆ ಎಂದುಕೊಳ್ಳುತ್ತೇನೆ. ಯಾರಾದರೂ ಸೀರೆ ಚೆನ್ನಾಗಿದೆ ಎಂದರೆ ಸೆರಗು ಎಲ್ಲಿ ಹರಿದಿದೆ ಎಂದು ನೋಡಿಕೊಳ್ಳುತ್ತೇನೆ. ತುರುವೇಕೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಕೂತು ಕೂದಲು ನರೆಸಿಕೊಂಡವಳಿಗೆ ಈ ಗುಣ ಬರದೆ ಇನ್ಯಾರಿಗೆ ಬರಬೇಕು ಹೇಳಿ. ಆದರೆ ಇಷ್ಟೆಲ್ಲ ಅನುಮಾನವನ್ನು ಸಾಕಿಕೊಂಡಿದ್ದೂ, ಬೇಕಾದ ಸಮಯಕ್ಕೆ ಅದು ಬೇಕಾದ ಕಡೆ ಹೋಗಲಿಲ್ಲ. ಅದೇ ನನ್ನ ಸಂಕಟ.

ನಮ್ಮ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಗಂಡಸರಿಗೆ ಒಂದಿತ್ತು, ಇಲ್ಲದಿದ್ದರೂ ಅವರಿಗೆ ಕಾಂಪೌಂಡಿನ ಗೋಡೆ ಇತ್ತು. ನಾನು ಮತ್ತು ಟಪಾಲು ನೋಡುವ ಜಯಮ್ಮ ರಸ್ತೆ ದಾಟಿ ಎದುರುಮನೆಯ ನಿವೃತ್ತ ಮೇಷ್ಟ್ರ ಹೆಂಡತಿಯ ಹತ್ತಿರ ಹೋಗಬೇಕಿತ್ತು. ಆಕೆ ತುಂಬ ಒಳ್ಳೆಯವರು. ಆದರೆ ಬಾಗಿಲಲ್ಲೇ ನಿಂತು "ಏನ್ರೀ ಸಮಾಚಾರ" ಎನ್ನುತ್ತಿದ್ದರು. ಕಚೇರಿಯದೊಂದು ಸುದ್ದಿ ಕೊಡದೆ ಬಚ್ಚಲಿನ ಕಡೆ ದಾರಿ ಬಿಡುತ್ತಿರಲಿಲ್ಲ. ನಮಗೆ ಅವಸರ ಹೆಚ್ಚಿದ್ದ ದಿನ ಸುದ್ದಿಯೂ ಹೆಚ್ಚಾಗಿಯೇ ಹೊರಗೆ ಹೋಗುತ್ತಿತ್ತು. ಯಾರಿಗೆ ವರ್ಗವಾಗುತ್ತದೆ ಎನ್ನುವುದು ಸಾಹೇಬರಿಗಿಂತ ಮೊದಲು ಆ ಬೀದಿಗೆ ತಿಳಿಯುತ್ತಿದ್ದದ್ದು ಹೀಗೆ. ಕೊನೆಗೆ ನಾನು ಕಚೇರಿಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ, ಕಾಯಿಲೆ ಬಿದ್ದೆ, ಡಾಕ್ಟರ ಹತ್ತಿರ ಬೈಸಿಕೊಂಡೆ. ಬಂದ ಸಾಹೇಬರನ್ನೆಲ್ಲ ಕೇಳಿ ಕೇಳಿ, ಈಗಿನ ಸಾಹೇಬರ ಕಾಲಕ್ಕೆ ಮಂಜೂರಾತಿ ಬಂತು. ಕಚೇರಿಯ ಹಿಂದಿನ ಮೂಲೆ, ತೆಂಗಿನಮರದ ಪಕ್ಕ. ಆ ಜಾಗ ಬಿಟ್ಟರೆ ಪೈಪು ಹಾಯಿಸಲು ಬೇರೆ ದಾರಿಯಿಲ್ಲ ಎಂದು ಇಂಜಿನಿಯರು ಅಳತೆ ಹಾಕಿ ಹೇಳಿಹೋದರು. ಮಾರ್ಚಿಯೊಳಗೆ ಕೆಲಸ ಶುರುವಾಗದಿದ್ದರೆ ಮಂಜೂರಾತಿ ವಾಪಸು ಹೋಗುತ್ತದೆ ಎಂದೂ ಹೇಳಿದರು. ಅಂದು ರಾತ್ರಿ ನಾನು ಮನೆಯಲ್ಲಿ ಪಾಯಸ ಮಾಡಿದೆ.

ಆ ತೆಂಗಿನಮರದ್ದೂ ಒಂದು ಕಥೆ. ಯಾವುದೋ ವನಮಹೋತ್ಸವದಲ್ಲಿ ಯಾವುದೋ ಸಾಹೇಬರು ನೆಟ್ಟಿದ್ದು. ಸರ್ಕಾರದವರು ನೆಟ್ಟ ಗಿಡ ಬದುಕುವುದೇ ಅಪರೂಪ. ಇದು ಬದುಕಿದ್ದಲ್ಲದೆ ಈ ವರ್ಷ ಮೊದಲ ಗೊನೆಯನ್ನೂ ಬಿಟ್ಟಿತ್ತು. ನಮ್ಮ ಕಡೆ ಹೊಸ ಮರದ ಮೊದಲ ಗೊನೆಯನ್ನು ಯಾರೂ ಮಾರುವುದಿಲ್ಲ, ಮರದ ಒಡೆಯರ ಮನೆದೇವರಿಗೆ ಒಪ್ಪಿಸುತ್ತಾರೆ. ಈ ಮರದ ಒಡೆಯರು ಸರ್ಕಾರ. ಹಾಗಾದರೆ ಸರ್ಕಾರದ ಮನೆದೇವರು ಯಾರು ಎನ್ನುವ ಪ್ರಶ್ನೆ ಒಂದು ಮಧ್ಯಾಹ್ನ ಊಟದ ಡಬ್ಬಿಗಳ ಮಧ್ಯೆ ಎದ್ದಿತು. ನನ್ನ ಪಕ್ಕದ ಮೇಜಿನ ಚಂದ್ರಶೇಖರಯ್ಯ ತಮ್ಮ ಮನೆದೇವರೇ ಇರಬಹುದು ಎಂದರು. ಜೀಪಿನ ಡ್ರೈವರ್ ತಿಮ್ಮಯ್ಯ ತನ್ನದು ಎಂದ. ಕಂಪ್ಯೂಟರ್ ನೋಡುವ ನಜೀರ್, "ಸರ್ಕಾರ ಎಲ್ರುದೂ ಅಂತೀರಲ್ಲ, ಹಂಗಾದ್ರೆ ನಮಗೂ ಎರಡು ಎಳನೀರು ಕೊಡಿ" ಎಂದು ನಕ್ಕ. ನಾನು ಮಾತ್ರ ನಗಲಿಲ್ಲ. ಇವರೆಲ್ಲರ ಕಣ್ಣು ಆ ಮೂಲೆಯ ಮೇಲೆ ಯಾಕೆ ಬಿತ್ತು ಎಂದು ಯೋಚಿಸುತ್ತಿದ್ದೆ.

ನನ್ನ ಯೋಚನೆ ಸುಳ್ಳಾಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಮರದ ಬೊಡ್ಡೆಗೆ ಅರಿಶಿನದಲ್ಲಿ ಅದ್ದಿದ ಬಟ್ಟೆ, ಅದರಲ್ಲೊಂದು ಗಂಟು. ಯಾರೋ ಹರಕೆ ಹೊತ್ತು ಮುಡಿಪು ಕಟ್ಟಿದ್ದಾರೆ. ಮಾರನೆಯ ದಿನ ಬೊಡ್ಡೆಯ ಬಳಿಯಿದ್ದ ಒಂದು ಕಲ್ಲಿಗೆ ಕುಂಕುಮ ಬಂತು. ಆಮೇಲೆ ದಾಸವಾಳ, ಆಮೇಲೆ ಊದುಬತ್ತಿ. ವಾರ ಮುಗಿಯುವಷ್ಟರಲ್ಲಿ, ಏನೋ ಕೆಲಸಕ್ಕೆ ಬಂದಿದ್ದ ಮುದುಕರೊಬ್ಬರು ಚಪ್ಪಲಿ ಬಿಟ್ಟು ಮೂರು ಸುತ್ತು ಹಾಕಿ, ನನ್ನ ಹತ್ತಿರ ಬಂದು "ಇದು ಯಾವ ದ್ಯಾವರು ಕಣವ್ವ" ಎಂದು ಕೇಳಿದರು. ಸುತ್ತು ಹಾಕುವ ಮೊದಲೇ ಕೇಳಬಾರದಿತ್ತೇ. ಗುಡಿ ಏಳುವುದು ಹೀಗೆಯೇ. ಇವತ್ತು ಕಲ್ಲು, ನಾಳೆ ಶೀಟು, ನಾಡಿದ್ದು ಗ್ರಿಲ್ಲು. ದೇವರ ಪಕ್ಕ ಶೌಚಾಲಯ ಕಟ್ಟಲು ಈ ತಾಲ್ಲೂಕಿನಲ್ಲಿ ಯಾರು ಮುಂದೆ ಬರುತ್ತಾರೆ? ಯಾರೋ ಬೇಕೆಂದೇ ಮಾಡಿದ್ದಾರೆ, ನಮ್ಮ ಶೌಚಾಲಯ ತಪ್ಪಿಸಲಿಕ್ಕೇ ಮಾಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಸಾಹೇಬರ ಹತ್ತಿರ ಹೋದೆ. ಅವರು ರಾಯಚೂರು ಕಡೆಯವರು, ಹೊಸಬರು, ಹೆದರುವವರು. "ಸರ್ಕಾರಕ್ಕ ಧರ್ಮ ಇಲ್ರೀ ಮೇಡಂ. ಸರ್ಕಾರಿ ಜಾಗದಾಗ ಇಂಥಾವೆಲ್ಲ ಇರಬಾರ್ದು" ಎಂದರು. ಹಾಗಾದರೆ ತೆಗೆಸಿ ಸರ್ ಎಂದೆ. "ತೆಗೆಸಿದ್ರ ನಾಳೆ ಮಂದಿ ಮೊಬೈಲ್ ಹಿಡ್ಕೊಂಡು ಬರ್ತಾರ. ತಾನಾಗೇ ಬಿದ್ರ ಛಲೋ" ಎಂದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಲಕ್ಷ್ಮಿ, ಸರಸ್ವತಿ, ಗಣೇಶ ಮೂವರೂ ಒಂದೇ ಚೌಕಟ್ಟಿನಲ್ಲಿ ಕೂತು ಈ ಮಾತು ಕೇಳಿಸಿಕೊಳ್ಳುತ್ತಿದ್ದರು. ಸರ್ಕಾರಕ್ಕೆ ಧರ್ಮವಿಲ್ಲ, ನಿಜ. ಆದರೆ ಸರ್ಕಾರದ ಬೀರುಗಳಿಗಿದೆ. ಆಯುಧಪೂಜೆಯಲ್ಲಿ ಬಳಿದ ವಿಭೂತಿ ಮುಂದಿನ ಆಯುಧಪೂಜೆಯವರೆಗೂ ಇರುತ್ತದೆ. ಜೀಪಿಗಿದೆ, ಬೂದುಗುಂಬಳಕಾಯಿ ಒಡೆಯದೆ ಅದು ಗೇಟು ದಾಟುವುದಿಲ್ಲ. ನನ್ನ ಮೇಜಿನ ಗಾಜಿನ ಕೆಳಗೂ ಒಬ್ಬ ತಾಯಿ ಇದ್ದಾಳೆ. ಅದನ್ನು ನಾನು ಅಲಂಕಾರ ಎಂದುಕೊಂಡಿದ್ದೆ.

ನಜೀರ್ ಆದರೂ ಆ ಬಟ್ಟೆ ಬಿಚ್ಚಿಹಾಕಬಾರದೇ ಎಂದು ಒಂದು ಸಲ ಬಾಯಿತಪ್ಪಿ ಅಂದೆ. ಅವನು ಕೀಲಿಮಣೆಯಿಂದ ಕೈ ತೆಗೆದು, "ನಾನು ಬಿಚ್ಚಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ ಮೇಡಂ? ಹೋಗ್ಲಿ ಬಿಡಿ. ಅಲ್ಲಿ ಯಾರಾದ್ರೂ ಹಸಿರು ಬಟ್ಟೆ ಕಟ್ಟಿದ್ರೆ ಸಾಹೇಬ್ರು ಇಷ್ಟು ದಿನ ಯೋಚನೆ ಮಾಡ್ತಿದ್ರಾ?" ಎಂದ. ಅವನು ತಮಾಷೆಯ ದನಿಯಲ್ಲೇ ಹೇಳಿದ. ನನಗೆ ನಾಚಿಕೆಯಾಯಿತು.

ಆ ನಾಚಿಕೆಯ ಸಿಟ್ಟನ್ನೆಲ್ಲ ಚಂದ್ರಶೇಖರಯ್ಯನವರ ಮೇಲೆ ತಿರುಗಿಸಿದೆ. ಅವರ ಮೇಲೆ ನನಗೆ ಅನುಮಾನ ಬರಲು ಕಾರಣಗಳಿದ್ದವು. ಒಂದು, ಅವರು ಬೈಕು ನಿಲ್ಲಿಸುವುದು ಆ ಮರದ ನೆರಳಲ್ಲಿ. ಇನ್ನೊಂದು, ಅವರು ದಿನಾ ವಿಭೂತಿ ಧರಿಸಿಯೇ ಬರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಒಳ್ಳೆಯವರು, ಮಧ್ಯಾಹ್ನ ತಮ್ಮ ಡಬ್ಬಿಯ ಚಟ್ನಿಪುಡಿಯನ್ನು ಕೇಳದೆಯೇ ನನ್ನ ಕಡೆ ತಳ್ಳುವವರು. ಇಷ್ಟು ಒಳ್ಳೆಯತನ ಸುಮ್ಮನೆ ಇರುತ್ತದೆಯೇ? "ಕೆಲವರಿಗೆ ಹೆಂಗಸರ ಕಷ್ಟಕ್ಕಿಂತ ಬೈಕಿಗೆ ಬಿಸಿಲು ತಾಗದಿರೋದೇ ದೊಡ್ಡದು" ಎಂದು ಗೋಡೆಗೆ ಹೇಳಿದಂತೆ ಹೇಳಿದೆ. ಮರುದಿನದಿಂದ ಅವರು ಡಬ್ಬಿಯನ್ನು ತಿಮ್ಮಯ್ಯನ ಜೊತೆ ಜೀಪಿನಲ್ಲಿ ಕೂತು ತಿನ್ನತೊಡಗಿದರು. ಚಟ್ನಿಪುಡಿಯೂ ಹೋಯಿತು.

ಕಡೆಗೆ ಕಂಟ್ರಾಕ್ಟರ್ ಆಳುಗಳನ್ನು ಕರೆದುಕೊಂಡು ಬಂದ. ಮರ ನೋಡಿದವನೇ ಗುದ್ದಲಿ ಕೆಳಗಿಳಿಸಿದ. "ಮುಡಿಪು ಕಟ್ಟಿರೋ ತಾವ ನಾನು ಗುದ್ದಲಿ ಹಾಕಲ್ಲ ಕಣ್ರಮ್ಮ. ಕಟ್ಟಿದೋರೇ ಬಂದು ಬಿಚ್ಲಿ. ಇಲ್ದಿದ್ರೆ ಬುಡಿ, ಚಿಕ್ಕನಾಯಕನಹಳ್ಳಿಲಿ ಇನ್ನೊಂದು ಕೆಲ್ಸ ಅದೆ, ನಾಳಿದ್ದಿಂದ ಅಲ್ಲಿಗೆ ಹೋಯ್ತೀನಿ" ಎಂದ. ಅವನು ಅಲ್ಲಿಗೆ ಹೋದರೆ ಮಾರ್ಚಿ ಮುಗಿದ ಹಾಗೆಯೇ.

ಆ ಸಂಜೆ ಮನೆಯಲ್ಲಿ ಮುದ್ದೆ ಬಡಿಸುತ್ತಾ ಮುಡಿಪು ಕಟ್ಟಿದವರ ವಂಶವನ್ನೆಲ್ಲ ಜಾಲಾಡಿದೆ. ನಮ್ಮತ್ತೆ ಅರಳಗುಪ್ಪೆ ಕಡೆಯವರು, ನನ್ನ ಮಾತಿಗೆ ಅಡ್ಡ ಬರುವವರಲ್ಲ. ಅಂದು ಮುದ್ದೆ ಮುರಿದ ಕೈ ಹಾಗೇ ನಿಂತಿತು.

"ಅಷ್ಟೊಂದು ಬೈಬ್ಯಾಡ ಕಣವ್ವ, ಬೈಸ್ಕೊಳ್ಳೋಳು ಇಲ್ಲೇ ಕುಂತಿವ್ನಿ. ನೀನು ನೀರು ಕುಡೀದೆ ಸಾಯ್ತಿದ್ದೆಯಲ್ಲ, ನೋಡಕ್ಕಾಗ್ದೆ ನಮ್ಮನೆದ್ಯಾವ್ರು ಕರಿಯಮ್ಮಂಗೆ ಹೇಳ್ಕಂಡೆ. ನನ್ ಸೊಸೆಗೆ ಅದೊಂದು ಕಟ್ಟಿಸ್ಕೊಡು ತಾಯಿ, ಮರದ ಮೊದಲ ಗೊನೆ ನಿಂಗೇ ಒಪ್ಪಿಸ್ತೀನಿ ಅಂತ. ಭಾನುವಾರ ಗುಡಿಗೆ ಹೋಗ್ತಾ ಕಟ್ಟಿದ್ದು" ಎಂದರು. ಮುದ್ದೆಯನ್ನು ಸಾರಿಗೆ ಅದ್ದುತ್ತಾ, "ಬಟ್ಟೆ ಒಂದೇ ನಂದು. ಕಲ್ಲು ನಂದಲ್ಲ" ಎಂದು ಸೇರಿಸಿದರು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರನ್ನೆಲ್ಲ ಅನುಮಾನಿಸಿದೆ, ದಿನಾ ನನ್ನ ಎದುರು ಕೂತು ಉಣ್ಣುವವರನ್ನು ಬಿಟ್ಟು. ಬಿಚ್ಚಿಬಿಡಿ ಅತ್ತೆ ಎಂದೆ. ಕಟ್ಟಡ ಆಗದೆ ಬಿಚ್ಚುವ ಹಾಗಿಲ್ಲ ಎಂದರು. ಬಿಚ್ಚದೆ ಕಟ್ಟಡವಾಗುವುದಿಲ್ಲ ಎಂದೆ. ಸಾರು ತಣ್ಣಗಾಗುವವರೆಗೆ ಇಬ್ಬರೂ ಇದನ್ನೇ ತಿರುಗಿಸಿ ತಿರುಗಿಸಿ ಹೇಳಿದೆವು. ಕೊನೆಗೆ ಅವರೇ, "ಗುದ್ದಲಿ ಪೂಜೆ ಮಾಡ್ಸು. ಪೂಜೆ ಆದ್ರೆ ಕೆಲ್ಸ ಆದಂಗೇ ಲೆಕ್ಕ, ತಾಯಿ ಒಪ್ಕತಾಳೆ" ಎಂದು ದಾರಿ ಹೇಳಿದರು.

ಬೆಳಿಗ್ಗೆ ಎಲ್ಲರೆದುರು ನಿಜ ಒಪ್ಪಿಸಿದೆ. ಚಂದ್ರಶೇಖರಯ್ಯನವರ ಮುಖ ನೋಡುವುದು ಕಷ್ಟವಾಯಿತು. ಆದರೂ ಅಭ್ಯಾಸ ಬಿಡಬೇಕಲ್ಲ, ಬಟ್ಟೆ ನಮ್ಮದಿರಬಹುದು, ಆ ಕಲ್ಲು ತಂದಿಟ್ಟವರು ಯಾರು ಎಂದು ದನಿ ಏರಿಸಿದೆ. ನಜೀರ್ ಮೆಲ್ಲಗೆ, "ನೀವೇ ಉರುಳಿಸಿ ಇಟ್ರಲ್ಲ ಮೇಡಂ, ಇಂಜಿನಿಯರ್ ಗುರುತಿಗೆ ಏನಾದ್ರೂ ಇಡಿ ಅಂದಾಗ" ಎಂದ. ಹೌದು, ನಾನೇ. ತಿಮ್ಮಯ್ಯ ಊದುಬತ್ತಿ ತನ್ನದೆಂದು ಒಪ್ಪಿಕೊಂಡ. ಕುಂಕುಮ, ಹೂವು ಜಯಮ್ಮನದಂತೆ. ಇದ್ದದ್ದಕ್ಕೆ ಒಂದಿಷ್ಟು ಮರ್ಯಾದೆ ಮಾಡಿದೆವು ಅಷ್ಟೇ ಎಂದರು. ಸಾಹೇಬರನ್ನು ಬಿಟ್ಟರೆ ಆ ಕಲ್ಲಿಗೆ ಏನೂ ಮಾಡದವರು ಕಚೇರಿಯಲ್ಲಿ ಇಬ್ಬರೇ, ನಜೀರ್ ಮತ್ತು ಚಂದ್ರಶೇಖರಯ್ಯ. ಸರ್ಕಾರಿ ಜಾಗದಲ್ಲಿ ಪೂಜೆ ಮಾಡಬಹುದೇ ಸರ್ ಎಂದು ಸಾಹೇಬರನ್ನು ಕೇಳಿದೆ. "ಗುದ್ದಲಿ ಪೂಜಿ ಧರ್ಮ ಅಲ್ರೀ, ಅದು ಕಾಮಗಾರಿ" ಎಂದು ಅವರು ತಾವೇ ಬಂದು ಕಾಯಿ ಒಡೆದರು. ಅತ್ತೆ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಿಮ್ಮಯ್ಯನಿಂದ ಗೊನೆ ಇಳಿಸಿಕೊಂಡು ಆಟೋದಲ್ಲಿ ಹೋದರು. ಹತ್ತುವ ಮೊದಲು, ನಾನು ಹೇಳಿದ್ದಂತೆ, ಅದರಲ್ಲಿ ಎರಡು ಎಳನೀರು ತೆಗೆದು ನಜೀರ್‌ಗೆ ಕೊಡಲು ಮರೆಯಲಿಲ್ಲ. ಕರಿಯಮ್ಮ ಅಷ್ಟಕ್ಕೆಲ್ಲ ಲೆಕ್ಕ ಇಡುವವಳಲ್ಲ ಎಂದರು.

ಶೌಚಾಲಯ ಮುಗಿದು ಬೀಗದ ಕೈ ನನ್ನ ಕೈಗೇ ಬಂತು. ಮೊದಲ ದಿನ ಒಬ್ಬಳೇ ಹೋದೆ. ಬಿಳಿ ಟೈಲ್ಸು, ನಲ್ಲಿಯಲ್ಲಿ ನೀರು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಯಾರಿಗೂ ಸುದ್ದಿ ಕೊಡಬೇಕಾಗಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣು ಒದ್ದೆಯಾಯಿತು. ಹೊರಗೆ ಬಂದಾಗ ನನ್ನ ಚಪ್ಪಲಿ ಮೆಟ್ಟಿಲ ಕೆಳಗಿತ್ತು. ಯಾವಾಗ ಬಿಟ್ಟೆನೋ ಗೊತ್ತೇ ಆಗಿರಲಿಲ್ಲ. ಅದರ ಪಕ್ಕ ತನ್ನ ಚಪ್ಪಲಿ ಬಿಟ್ಟು ಜಯಮ್ಮ ನಿಂತಿದ್ದಳು. ಅವಳ ಹಿಂದೆ, ಯಾವುದೋ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ತಮ್ಮದನ್ನೂ ಬಿಟ್ಟರು.

ಈಗ ಯಾರೂ ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಮೊನ್ನೆ ಯಾರೋ ಬಾಗಿಲ ಚೌಕಟ್ಟಿಗೆ ಹೂವನ್ನೂ ಸಿಕ್ಕಿಸಿದ್ದರು. ಸಾಹೇಬರು ಗಾಬರಿಯಾಗಿ ನನ್ನನ್ನು ಕರೆಸಿ, "ಇದನ್ನ ಶುರು ಮಾಡಿದವರು ಯಾರ್ರೀ? ನಿಮಗ ಯಾರ ಮ್ಯಾಲರೆ ಅನುಮಾನ ಐತೇನು?" ಎಂದು ಕೇಳಿದರು. ತೆರೆದ ಬಾಗಿಲಾಚೆ ಚಂದ್ರಶೇಖರಯ್ಯ ತಮ್ಮ ಮೇಜಿನಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ನನಗೆ ಯಾರ ಮೇಲೂ ಅನುಮಾನವಿಲ್ಲ ಸರ್ ಎಂದೆ.