ಗರ್ನಾಲು ಅಂದರೆ

ಮಾಬ್ಲನಿಗೆ ಒಪ್ಪಿಸಿದ ಕೆಲಸ ಸಣ್ಣದು. ಹೆಂಡತಿ ಮಂಜಿಯ ತಮ್ಮ ಉಮೇಶ ಹೊಸ ದೋಣಿ ಕಟ್ಟಿಸಿದ್ದ. ಸಂಜೆ ಉಬ್ಬರ ಏರಿದಾಗ ಅದನ್ನು ಹೊನ್ನಾವರದ ಹೊಳೆಯಾಚೆ, ಮಾವಿನಕುರ್ವೆಯಲ್ಲಿ ನೀರಿಗಿಳಿಸುವುದಿತ್ತು. ಆ ಹೊತ್ತಿಗೆ, ಮುಹೂರ್ತದ ಗುರುತಾಗಿ ಹೊಡೆಯಲು ಕುಮಟೆಯಿಂದ ಗರ್ನಾಲು ತರಬೇಕಿತ್ತು, ಅಷ್ಟೆ. ತಂದಿದ್ದ. ನೂಲು ಬಿಗಿದು ಸುತ್ತಿದ, ನಿಂಬೆಹಣ್ಣಿನ ಗಾತ್ರದ ಮೂರು ಉಂಡೆ. ಮಧ್ಯಾಹ್ನ ಹೊನ್ನಾವರದ ಧಕ್ಕೆಯಲ್ಲಿ, ಎಳೆಗೂಸನ್ನು ಎತ್ತಿಕೊಂಡವನ ಹಾಗೆ ಚೀಲವನ್ನು ಎದೆಗವಚಿಕೊಂಡು ದಾಟುವ ದೋಣಿಗೆ ಕಾಯುತ್ತಿದ್ದ.

ಆ ಅವಚಿಕೊಂಡ ರೀತಿಯೇ ಪೊಲೀಸ್ ಇನ್ಸ್‌ಪೆಕ್ಟರರ ಕಣ್ಣಿಗೆ ಬಿತ್ತು. ವಿಜಯಪುರ ಕಡೆಯವರು, ಊರಿಗೆ ಹೊಸಬರು.

“ಚೀಲದಾಗ ಏನೈತಿ?”

“ಗರ್ನಾಲು, ಸಾಹೇಬ್ರೆ.”

“ಗರ್ನಾಲು ಅಂದ್ರ?”

ಮಾಬ್ಲ ಬಾಯಿ ತೆರೆದ. ಹುಟ್ಟಿದಾಗಿನಿಂದ ಕೇಳಿದ ಮಾತು. ಅರ್ಥ ಹೇಳುವ ಪ್ರಸಂಗ ಮಾತ್ರ ಬಂದಿರಲಿಲ್ಲ. “ಗರ್ನಾಲು ಅಂದ್ರೆ ಗರ್ನಾಲೇ,” ಎಂದ.

ಅದೇ ದೋಣಿಗೆ ಕಾಯುತ್ತಿದ್ದ ಶ್ರೀಕೃಷ್ಣ ಮಾಸ್ತರರು ನಿವೃತ್ತರಾದ ಮೇಲೆ ಪ್ರಶ್ನೆ ಕೇಳುವವರಿಲ್ಲದೆ ಸೊರಗಿದ್ದರು. ಈಗ ಕೊಡೆ ಊರಿಕೊಂಡು ಮುಂದೆ ಬಂದರು. “ಮೂಲ ಮರಾಠಿ. ಗರ್ನಾಳ. ಅಂದ್ರೆ ಅಗಲ ಬಾಯಿಯ ತೋಪು.”

“ತೋಪು?” ಇನ್ಸ್‌ಪೆಕ್ಟರ್ ಚೀಲವನ್ನು ದಿಟ್ಟಿಸಿದರು.

“ಎಂತ ಮರಾಠಿ, ಮಾಸ್ತರ್ರೆ?” ಸೋಡಾ ಅಂಗಡಿಯ ಗುರುದತ್ತ ಗಿರಾಕಿಯನ್ನು ಬಿಟ್ಟು ಎದ್ದು ಬಂದ. “ಕೊಂಕಣಿಯಲ್ಲೂ ಗರ್ನಾಲೇ. ಪೋರ್ಚುಗೀಸರು ಬಿಟ್ಟು ಹೋದ ಶಬ್ದ. ಗ್ರನಾದ. ಕೈಬಾಂಬು.”

ಇನ್ಸ್‌ಪೆಕ್ಟರ್ ಹಿಂದೆ ಸರಿದರು.

“ಸಾಹೇಬ್ರೆ, ಇದು ಪಟಾಕಿ...” ಎಂದ ಮಾಬ್ಲ. ಯಾರಿಗೂ ಕೇಳಲಿಲ್ಲ. ತೋಪು, ಬಾಂಬು ಎಂದು ಅವರಿಬ್ಬರೂ ದನಿ ಏರಿಸಿದಷ್ಟೂ ಅವನ ಅಪರಾಧ ದೊಡ್ಡದಾಗುತ್ತ ಹೋಯಿತು.

“ಸುಮ್ಮನಿರ್ರಿ ಇಬ್ಬರೂ,” ಎಂದರು ಇನ್ಸ್‌ಪೆಕ್ಟರ್. “ಏ, ಒಂದು ಹೊಡದು ತೋರ್ಸು.”

ಮಾಬ್ಲ ಮರಳಿನ ಮೇಲಿಟ್ಟು ಬತ್ತಿಗೆ ಬೆಂಕಿ ತಾಗಿಸಿ ಓಡಿದ. ಧಕ್ಕೆಯ ಕಾಗೆಗಳೆಲ್ಲ ಒಮ್ಮೆಗೇ ಎದ್ದವು.

“ಕೇಳಿದ್ರಾ? ತೋಪಿನ ಶಬ್ದವೇ,” ಎಂದರು ಮಾಸ್ತರರು.

“ತೋಪು ಗುಡುಗ್ತದೆ. ಇದು ಸಿಡೀತು,” ಎಂದ ಗುರುದತ್ತ. “ಇನ್ನೊಂದು ಹೊಡಿಸಿ, ಸಮಾ ಕೇಳುವ.”

ಇನ್ನೊಂದು ಹೊಡೆದದ್ದಾಯಿತು. ವಾದ ಇದ್ದಲ್ಲೇ ಇತ್ತು. ಮೂರನೆಯದು ಸಿಡಿಯುವುದನ್ನು ಇನ್ಸ್‌ಪೆಕ್ಟರ್ ತಮ್ಮೂರಲ್ಲಿದ್ದ ಮಗಳಿಗೆ ಕಳಿಸಲೆಂದು ಮೊಬೈಲಿನಲ್ಲಿ ಸೆರೆಹಿಡಿದರು.

“ಅಲ್ಲೋ, ಇದು ಪಟಾಕಿ. ಮೊದಲ ಹೇಳಬಾರದಾ?” ಅವರ ಮುಖ ಅರಳಿತ್ತು. “ಹೋಗು, ಎಷ್ಟು ಬೇಕಾದ್ರೂ ಹೊಡಕೋ. ನಂದೇನೂ ಅಡ್ಡಿ ಇಲ್ಲ.”

ಮಾಬ್ಲ ಖಾಲಿ ಚೀಲ ಮಡಚುತ್ತಿದ್ದಾಗ ಫೋನು ಬಂತು. ಉಮೇಶ.

“ಭಾವ, ಎಲ್ಲಿಂದ ಹೊಡದ್ಯೋ ಗೊತ್ತಾಗ್ಲಿಲ್ಲ. ಮೂರೂ ಚಲೋ ಕೇಳ್ತು. ಭಟ್ರು ಮುಹೂರ್ತ ಆತು ಅಂದ್ರು. ಎಲ್ಲಾ ಸೇರಿ ದೋಣಿ ನೂಕಿದ್ವು.”

“ಈಗ್ಲಾ? ನೀರು?”

“ನೀರು ಇನ್ನೂ ಏರ್ಲಿಲ್ಲ. ದೋಣಿ ಅರ್ಧ ಕೆಸರಲ್ಲಿ ಹುಗಿದು ಕೂತದೆ. ನೀ ಬೇಗ ಬಾ. ಮಂಜಿ ಅಕ್ಕ ಹಗ್ಗ ಹಿಡ್ಕಂಡು ನಿನ್ನನ್ನೇ ಕಾಯ್ತಾ ನಿಂತದೆ.”

“ದೋಣಿ ಎಳೂಕಾ?”



“ಎಂತಕ್ಕೆ ಅಂತ ಅಕ್ಕ ಹೇಳ್ಲಿಲ್ಲ,” ಎಂದ ಉಮೇಶ.